ಬಲಕ್ಕೆ ಬೀಳುವ ಹೂವು

“ಹಣಮವ್ವಾ, ನಿನ್ನ ಮಗಳು ಬಂದು ಬೇವಿನ ಗಿಡದ ಕೆಳಗ ನಿಂತಾಳ ನೋಡು. ಕೂಸನ್ನೂ ಕರಕೊಂಡ ಬಂದಾಳ. ಫೋನ್ ಮಾಡಿದಾಕಿ ನಾನೇ. ಬೈಯೋದಿದ್ರ ನನಗ ಬೈಯಿ.”

ಪಕ್ಕದ ಮನೆಯ ಇಮಾಮ್ಬೀ ಗೋಡೆಯ ಮೇಲಿಂದ ಹಾಲಿನ ಚೊಂಬು ಚಾಚುತ್ತ ಇಷ್ಟು ಹೇಳಿದ್ದೇ ತಡ, ಒಂದು ಕೈಯಲ್ಲಿ ಅಂಬಲಿ ಬಟ್ಟಲು ಹಿಡಿದಿದ್ದ ಹಣಮಮ್ಮನ ಇನ್ನೊಂದು ಕೈಯಿಂದ ಎರಡು ಕಣಗಿಲೆ ಹೂವು ಅಂಗಳಕ್ಕೆ ಹಾಸಿದ ಪರಸಿ ಕಲ್ಲಿನ ಮೇಲೆ ಬಿದ್ದವು. ಶಹಾಬಾದದ ಆ ಓಣಿಯಲ್ಲಿ ಎಲ್ಲರ ಅಂಗಳಕ್ಕೂ ಅದೇ ಕಲ್ಲು. ಆದರೆ ಇವರ ಮನೆಯದ್ದರ ನುಣುಪೇ ಬೇರೆ. ಅವಳ ಗಂಡ ಶಿವರಾಯ ಕಲ್ಲು ಪಾಲಿಷ್ ಮಾಡುವ ಮಷೀನಿನ ಮಾಲೀಕ, ತನ್ನ ಮನೆಗೆ ಆರಿಸಿ ಆರಿಸಿ ಹಾಕಿಸಿದ್ದ.

“ಮೆಲ್ಲಕ ಮಾತಾಡಕ್ಕಾ, ಅವ್ರು ಎಚ್ಚರ ಇದ್ದಾರ,” ಎಂದಳು ಹಣಮಮ್ಮ. “ಮನಿಗಿ ಕಟ್ಟು ಹಾಕ್ಯಾರ. ಅಮಾಸಿ ತನಕ ಹೊರಗಿನವ್ರು ಒಳಗ ಬರಂಗಿಲ್ಲ. ಅದ್ರಾಗೂ ಹಸಿ ಬಾಣಂತಿ!”

“ಹೊಟ್ಟ್ಯಾಗ ಹುಟ್ಟಿದಾಕಿ ಹೊರಗಿನಾಕಿ ಆದಳೇನ? ನಮ್ಮನಿ ಹಾಲಿಗಿಲ್ಲ ನಿಮ್ಮ ಕಟ್ಟು?”

ಬೇರೆ ದಿನವಾಗಿದ್ದರೆ ಹಣಮಮ್ಮ ನಗುತ್ತಿದ್ದಳು.

ಶಿವರಾಯ ಮಾಳಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡವನು. ದೊಡ್ಡ ದವಾಖಾನೆಯಲ್ಲಿ ಮಲಗಿದ್ದಲ್ಲಿಯೇ ಕಿಡ್ನಿಯೂ ಕೈಕೊಟ್ಟಿತು. ಡಾಕ್ಟರು ಹಣಮಮ್ಮನನ್ನು ಬದಿಗೆ ಕರೆದು, “ಮನಿಗೆ ಒಯ್ಯಿರಿ ತಾಯಿ, ಭೆಟ್ಟಿಯಾಗೋರಿದ್ರ ಜಲ್ದಿ ಆಗ್ಲಿ” ಎಂದಿದ್ದರು. ಆ ಮಾತನ್ನು ಅವಳು ತನ್ನ ತಮ್ಮ ದೇವಿಂದ್ರನಿಗೆ ಹೇಳಿದಳು, ಗಂಡನಿಗೆ ಹೇಳಲಿಲ್ಲ. ದೇವಿಂದ್ರ ಚಂದ್ರಂಪಳ್ಳಿ ಕಡೆಗೆ ಹೋಗಿ ಯಾವನೋ ಪೂಜಾರಿಯಿಂದ ಗೇಣುದ್ದದ ಹಿತ್ತಾಳೆ ಅಮ್ಮನ ಮೂರ್ತಿಯನ್ನು ತಂದು ಹಾಸಿಗೆಯ ಎದುರಿಗೆ ಕೂಡಿಸಿದ. ದಿನಾ ಬೆಳಿಗ್ಗೆ ಅಮ್ಮನ ಎರಡೂ ಭುಜಕ್ಕೆ ನೀರು ಸವರಿ ಹೂವಂಟಿಸಿ ಕೇಳಬೇಕು. ಬಲಗಡೆಯದು ಬಿದ್ದರೆ ಮಲಗಿದವನು ಏಳುತ್ತಾನೆ, ಎಡಗಡೆಯದು ಬಿದ್ದರೆ ಇಲ್ಲ. ಹೋಗುವಾಗ ಅರಿಶಿನದ ದಾರದಲ್ಲಿ ಬೇವಿನ ಟೊಂಗೆ ಸುತ್ತಿ ಗೇಟಿಗೆ ಗಂಟು ಬಿಗಿದು ಮನೆಗೆ ಕಟ್ಟು ಹಾಕಿ ಹೋಗಿದ್ದ.

ಮೊದಲ ದಿನ ಮಧ್ಯಾಹ್ನವಾದರೂ ಯಾವ ಹೂವೂ ಬೀಳಲಿಲ್ಲ. ಶಿವರಾಯ ಒಂದು ಗುಟುಕು ನೀರನ್ನೂ ಬಾಯಿಗೆ ಬಿಟ್ಟುಕೊಳ್ಳದೆ ಹಿತ್ತಾಳೆಯನ್ನೇ ನೋಡುತ್ತ ಬಿದ್ದಿದ್ದ. ಆ ಮುಖ ಹಣಮಮ್ಮನಿಂದ ನೋಡಲಾಗಲಿಲ್ಲ. ಮರುದಿನ ಎಡ ಹೂವಿನ ಹಿಂದೆ ಒಂದು ಹನಿ ಅಂಬಲಿ ಸವರಿದಳು, ಬಲ ಹೂವಿಗೆ ಬರೀ ನೀರು. ಬಲದ್ದು ಟಪ್ಪನೆ ಬಿತ್ತು. ಗಂಡ ಅರ್ಧ ರೊಟ್ಟಿ ಹಾಲಿನಲ್ಲಿ ಕಿವುಚಿಕೊಂಡು ಉಂಡ. ಅಂದಿನಿಂದ ದಿನಾ ಅದೇ ಅಂಬಲಿ, ಅದೇ ಬಲಗಡೆ.

ಸುಳ್ಳು ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಮಗಳು ಉಮಾದೇವಿ ಸೇಡಂನ ಅಶೋಕಕುಮಾರನನ್ನು ತಾನೇ ಮೆಚ್ಚಿ ಮದುವೆಯಾದಾಗ ಶಿವರಾಯ ಓಣಿಯ ನಡುವೆ ನಿಂತು, “ನನ್ನ ಮಗಳು ಸತ್ತಳು” ಎಂದು ತಲೆಯ ಮೇಲೆ ಕೊಡ ನೀರು ಸುರಿದುಕೊಂಡಿದ್ದ. ಬಿದ್ದ ದಿನದಿಂದ ಅವನಿಗೆ ಅದೇ ಭಯ, ಇದು ಆ ಕೊಡದ ತಪ್ಪಿಗೆ ಮೇಲಿನವನು ಕೊಟ್ಟ ಶಿಕ್ಷೆ ಎಂದು. ಹೂವು ದಿನಾ ಬಲಕ್ಕೆ ಬೀಳತೊಡಗಿದ ಮೇಲೆ ಭಯ ಹೋಯಿತು. “ನನ್ನ ತಪ್ಪಿದ್ದಿದ್ರ ಹೂ ಬಲಕ್ಕ ಬೀಳ್ತಿತ್ತೇನ? ಕೈಕಾಲು ಬರಲಿ, ನಾನೇ ಸೇಡಂಕ್ಕ ಹೋಗಿ ಕರಕೊಂಡ ಬರ್ತೀನಿ. ಈಗ್ಯಾಕ ಅವಸರ?” ಎನ್ನತೊಡಗಿದ. ಹಣಮಮ್ಮನ ಅಂಬಲಿ ಅವನಿಗೆ ಇಲ್ಲದ ಕಾಲವನ್ನು ಕೊಟ್ಟುಬಿಟ್ಟಿತ್ತು.

“ಏನ್ ಮಾಡಲಕ್ಕಾ?” ಅವಳು ಗೋಡೆಗೆ ಹಣೆ ಹಚ್ಚಿದಳು. “ಇವತ್ತಿನ ಹೂ ಇನ್ನಾ ಕೇಳಿಲ್ಲ. ಅಮ್ಮ ಏನಂತಾಳೋ…”

“ಅಮ್ಮ ಏನಂತಾಳಂತ ನಿನಗ ಗೊತ್ತದ,” ಎಂದಳು ಇಮಾಮ್ಬೀ. ಗೋಡೆಯಾಚೆಯಿಂದ ಅಂಬಲಿ ಬಟ್ಟಲನ್ನು ಅವಳು ದಿನಾ ನೋಡುತ್ತಿದ್ದಳು. “ನಾ ಏನೂ ಶ್ಯಾಣ್ಯಾಕಿ ಅಲ್ಲವ್ವ. ನನ್ನ ಮಗ ಹಾಜಿಮಲಂಗ್‌ಗ ಜ್ವರ ಬಂದಾಗ ಒಂದು ದರ್ಗಾ ಬಿಡಲಿಲ್ಲ, ದಾರ ಕಟ್ಟಿ ಕಟ್ಟಿ ಕೈ ಸೋತ್ವು. ಕಡೀಕ ಮನ್ಯಾಗೇ ಕುಂತು, ‘ಹುಟ್ಟಿಸಿದವನೇ, ಈಗ ನಾ ಏನ್ ಮಾಡ್ಲಿ, ಹೇಳು’ ಅಂದೆ. ಬದುಕ್ತಾನೋ ಇಲ್ಲೋ ಅಂತ ಕೇಳಲಿಲ್ಲ, ಅದು ಅವನ ಕೆಲಸ. ನನ್ನ ಕೆಲಸ ಏನಂತ ಕೇಳಿದೆ.”

“ಹೇಳಿದನೇನ?”

“ಬಾಯಿಲೆ ಹೇಳಲಿಲ್ಲ. ಮಗನ ತಲಿ ತೊಡಿಮ್ಯಾಲ ಇಟಗೋಬೇಕು ಅನಿಸ್ತು, ಇಟಗೊಂಡೆ. ಅಷ್ಟೇ.” ಆ ಹಾಜಿಮಲಂಗ್ ಉಳಿಯಲಿಲ್ಲ ಎಂಬುದು ಓಣಿಗೆಲ್ಲ ಗೊತ್ತಿತ್ತು. ಇಮಾಮ್ಬೀ ಚೊಂಬನ್ನು ಗೋಡೆಯ ಮೇಲಿಟ್ಟು, ಸೆರಗಿನಿಂದ ಮೂಗೊರೆಸಿಕೊಂಡು, “ಹಾಲು ಕಾಸು, ಒಡೀತದ,” ಎಂದು ಹೊರಟುಹೋದಳು.

ಹಣಮಮ್ಮ ಅಂಗಳದ ನಡುವೆ ನಿಂತು ತಲೆಯೆತ್ತಿದಳು. ಎದುರಿಗೆ ಹಿತ್ತಾಳೆಯಿಲ್ಲ, ಕಲ್ಲಿಲ್ಲ, ಕುಂಕುಮ ಹಚ್ಚಲು ಒಂದು ಹಣೆಯೂ ಇಲ್ಲ. ಎಲ್ಲಿ ನೋಡಬೇಕೋ ತಿಳಿಯದೆ ನಾಚಿಕೆಯಾಯಿತು. “ಯಪ್ಪಾ,” ಎಂದಳು, “ಮ್ಯಾಲ ಇದ್ದಾಂವನೇ, ಅವ್ರನ್ನ ಉಳಸು ಅನ್ನಂಗಿಲ್ಲ. ನಾ ಏನ್ ಮಾಡ್ಲಿ?” ಆಕಾಶ ಆಕಾಶದ ಪಾಡಿಗಿತ್ತು. ಆದರೆ ಕೈಯಲ್ಲಿದ್ದ ಅಂಬಲಿ ಬಟ್ಟಲನ್ನು ಇನ್ನು ಹಿಡಿದುಕೊಳ್ಳಲು ಆಗಲಿಲ್ಲ. ಅದನ್ನು ತುಳಸಿಕಟ್ಟೆಯ ಬುಡಕ್ಕೆ ಸುರಿದು, ಬರಿಗೈಯಲ್ಲಿ ಒಳಗೆ ಹೋದಳು.

“ಹೂ ಎಲ್ಲಿ?” ಎಂದ ಶಿವರಾಯ. ಮುಖ ಊದಿತ್ತು, ದನಿ ಬಾವಿಯೊಳಗಿನಿಂದ ಬಂದಂತಿತ್ತು.

“ಹೂ ಇಲ್ಲರಿ.” ಅವಳು ಹಾಸಿಗೆಯ ಅಂಚಿಗೆ ಕುಳಿತಳು. “ಎಡದ ಹೂವಿಗಿ ನಾ ಅಂಬಲಿ ಹಚ್ಚುತಿದ್ದೆ. ದಿನಾ.”

ಅವನು ಹಿತ್ತಾಳೆಯ ಕಡೆ ನೋಡಿದ, ಆಮೇಲೆ ಅವಳ ಕಡೆ. ಸಿಟ್ಟು ಬರುತ್ತದೆಂದು ಅವಳು ಕಾಯುತ್ತಿದ್ದಳು. ಬರಲಿಲ್ಲ.

“ಡಾಕ್ಟರ್ ಏನಂದಿದ್ದ?”

“ಭೆಟ್ಟಿಯಾಗೋರಿದ್ರ ಜಲ್ದಿ ಆಗ್ರಿ ಅಂದಿದ್ದ.”

“ಹಂಗಾದ್ರ ಅಮ್ಮ ನನ್ನ ತಪ್ಪು ಮಾಫ್ ಮಾಡಿದ್ದು ಸುಳ್ಳು,” ಎಂದ ಶಿವರಾಯ. “ಆ ಕೊಡ ನೀರಿನ ಲೆಕ್ಕ ಇನ್ನಾ ಹಂಗೇ ಅದ.” ಕಣ್ಣ ಬದಿಯಿಂದ ನೀರು ಇಳಿದು ಕಿವಿಗೆ ಹೋಯಿತು. ಒರೆಸಿಕೊಳ್ಳಲು ಕೈ ಮೇಲೇಳಲಿಲ್ಲ, ಅವಳು ಒರೆಸಿದಳು. “ಆಕಿಗಿ ಫೋನ್ ಹಚ್ಚು ಹಣಮಿ. ನಾ ಕರದೀನಿ ಅಂತ ಹೇಳು.”

“ಬೇವಿನ ಗಿಡದ ಕೆಳಗ ನಿಂತಾಳ್ರಿ. ಗಂಡು ಕೂಸೂ ಅದ.”

“ಇಲ್ಲೇ?” ಅವನ ಮುಖದಲ್ಲಿ ಏನೋ ಹೊತ್ತಿಕೊಂಡಿತು. “ಕರಿ, ಕರಿ. ತಡಿ, ತಡಿ. ಹಿಂಗ ನೋಡಬಾರದು ಆಕಿ. ರುಮಾಲು ಸುತ್ತು.”

“ಈಗ್ಯಾಕ್ರಿ ರುಮಾಲು? ಮದಲ ಆಕಿನ್ನ…”

“ಮೊಮ್ಮಗ ಬಂದಾನ. ಸುತ್ತು ಅಂದ್ರ ಸುತ್ತು.”

ಪೆಟ್ಟಿಗೆಯ ತಳದಿಂದ ಬಿಳಿ ರುಮಾಲು ತೆಗೆದಳು. ಅವನ ತಲೆಯನ್ನು ತನ್ನ ಎದೆಗಾನಿಸಿಕೊಂಡು ಒಂದು ಸುತ್ತು ಹಾಕಿದಳು, ಎರಡನೆಯದು ಹಾಕಿದಳು. “ಬಿಗಿ ಆಯ್ತೇನ್ರಿ?” ಎಂದಳು. ಅವನು ಏನೂ ಅನ್ನಲಿಲ್ಲ. ಇನ್ನೊಂದು ಸುತ್ತಿಗೆ ಕೈಯೆತ್ತಿದಾಗ ತಲೆ ಒಮ್ಮೆಲೇ ಭಾರವಾಗಿ ಅವಳ ತೋಳಿಗೆ ವಾಲಿತು. ಹಣಮಮ್ಮ ಅವನ ಮೂಗಿನ ಹತ್ತಿರ ಬೆರಳು ಹಿಡಿದಳು, ಉಸಿರಿರಲಿಲ್ಲ. ಆಮೇಲೆ ಮೆಲ್ಲಗೆ ರುಮಾಲನ್ನು ಪೂರ್ತಿ ಸುತ್ತಿ, ತುದಿ ಸಿಕ್ಕಿಸಿ, ಅವನನ್ನು ದಿಂಬಿಗೆ ಒರಗಿಸಿ ಎದ್ದಳು.

ಗೇಟಿನಾಚೆ ಉಮಾದೇವಿ ಓಡಿ ಬಂದಳು. ಹೆಗಲ ಮೇಲೆ ಕೂಸು ನಿದ್ದೆ ಮಾಡುತ್ತಿತ್ತು.

“ಅಪ್ಪ ಬೈದನೇನವ್ವಾ?”

“ಇಲ್ಲವ್ವಾ. ಕರಿ ಅಂದ.”

“ಖರೇನೇ? ಖರೇನೇ ಅಂದನೇನ?”

“ರುಮಾಲು ಸುತ್ತು ಅಂದ. ಮೊಮ್ಮಗ ಬಂದಾನ ಅಂದ.”

ಉಮಾದೇವಿ ಅಳುತ್ತಲೇ ನಕ್ಕಳು. “ಈ ಹಸುಗೂಸಿನ ಸಲುವಾಗಿ ರುಮಾಲೇನ! ಜಲ್ದಿ ತೆಗಿಯವ್ವಾ, ಮತ್ತ ಮನಸು ತಿರುಗಿಗಿರುಗೀತು.”

ಹಣಮಮ್ಮ ಗಂಟಿಗೆ ಕೈಹಾಕಿದಳು. ದೇವಿಂದ್ರ ಬಿಗಿದ ಗಂಟು ಇಬ್ಬನಿಗೆ ನೆನೆದು, ಬಿಸಿಲಿಗೆ ಒಣಗಿ ಗಟ್ಟಿಯಾಗಿತ್ತು, ಬೆರಳಿಗೆ ಬಗ್ಗಲಿಲ್ಲ. ಅವಳು ಬಾಗಿ ಅರಿಶಿನದ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದಳು. ಬೇವಿನ ಟೊಂಗೆ ಕೆಳಗೆ ಬಿತ್ತು, ಗೇಟು ತಾನಾಗಿಯೇ ಒಳಕ್ಕೆ ತೆರೆದುಕೊಂಡಿತು.