ಕುಂಬಾರನ ಮಗಳ ಪ್ರಶ್ನೆ

ಮ್ಯೂಸಿಯಂನಲ್ಲಿ ಅವಳನ್ನು ಎಲ್ಲರೂ ಸೀಸದಕ್ಕ ಎನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಅವಳದು ಒಂದೇ ಕೆಲಸ: ಎರಡು ಸಾವಿರ ವರ್ಷ ಹಳೆಯ ಸೀಸದ ಪಟ್ಟಿಗಳ ಮೇಲಿನ ಕೊಳೆ ತೆಗೆಯುವುದು. ಪಟ್ಟಿ ಎಂದರೆ ಎರಡು ಬೆರಳಗಲದ, ಗೇಣುದ್ದದ ತಗಡು. ಹಿಂದೊಂದು ಕಾಲಕ್ಕೆ ಗುಡ್ಡದ ಮೇಲೆ ದೇವವಾಣಿ ಹೇಳುವ ಗುಡಿಯಿತ್ತು. ಜನ ತಮ್ಮ ಪ್ರಶ್ನೆಯನ್ನು ಮೊಳೆಯಿಂದ ಸೀಸದ ಮೇಲೆ ಗೀರಿ, ಮಡಿಸಿ, ಗುರುತಿಗೆಂದು ಹೊರಮೈ ಮೇಲೆ ತಮ್ಮ ಊರಿನ ಹೆಸರು ಹಾಕಿ, ಮಡಕೆಯೊಳಗೆ ಬಿಡುತ್ತಿದ್ದರು. ಪೂಜಾರಿಣಿ ಒಂದು ಕೈಯಲ್ಲಿ ಪಟ್ಟಿ ಎತ್ತುವಳು, ಇನ್ನೊಂದು ಕೈಯಲ್ಲಿ ಬೇರೆ ಮಡಕೆಯಿಂದ ಕಾಳು ಎತ್ತುವಳು. ಬಿಳಿ ಕಾಳು ಬಂದರೆ ಹೌದು, ಕರಿ ಕಾಳು ಬಂದರೆ ಇಲ್ಲ. ಕಾಳು ಮಣ್ಣು ಪಾಲಾಯಿತು, ಸೀಸ ಉಳಿಯಿತು. ಹೀಗಾಗಿ ಮ್ಯೂಸಿಯಂ ಹತ್ತಿರ ನಾನೂರ ಹನ್ನೆರಡು ಪ್ರಶ್ನೆಗಳಿದ್ದವು, ಉತ್ತರ ಒಂದೂ ಇರಲಿಲ್ಲ.

ಪ್ರಶ್ನೆಗಳೇನೂ ಘನವಾದವಲ್ಲ. ಕುರಿ ಕದ್ದವನು ಪಕ್ಕದ ಮನೆಯವನೇ? ದೋಣಿ ಮಾರಿ ಹೊಲ ಹಿಡಿಯಲೇ? ಭಾವನ ಜೊತೆ ಪಾಲಿಗೆ ಸೇರಲೇ?

"ಎರಡು ಸಾವಿರ ವರ್ಷ ಆದ್ರೂ ಭಾವನ ಮೇಲಿನ ಅನುಮಾನ ಹೋಗಿಲ್ಲ ನೋಡಮ್ಮ," ಎಂದು ಲಿಪಿ ಮೇಷ್ಟ್ರು ನಗುತ್ತಿದ್ದರು. ಹಳೆಯ ಲಿಪಿ ಓದಬಲ್ಲ ನಿವೃತ್ತ ಶಿಕ್ಷಕರು ಅವರು. ಮಂಗಳವಾರ, ಶುಕ್ರವಾರ ಬಂದು ಸೀಸದಕ್ಕ ಶುಚಿ ಮಾಡಿಟ್ಟದ್ದನ್ನು ಓದಿ ಬರೆಸಿ ಹೋಗುತ್ತಿದ್ದರು.

ಆ ವಾರ ಅವಳ ತಲೆಯಲ್ಲಿ ಇದ್ದದ್ದೇ ಬೇರೆ. ಅವಳು ಕೆಲಸ ಮಾಡುವ ಪ್ರಯೋಗಾಲಯವನ್ನು ಸಮುದ್ರದ ಕಡೆಯ ಊರಿಗೆ ಸಾಗಿಸುವವರಿದ್ದರು. ಜೊತೆಗೆ ಹೋದರೆ ಬಡ್ತಿ, ವಾಸಕ್ಕೆ ಮನೆ. ಇಲ್ಲೇ ಉಳಿದರೆ ಟಿಕೆಟ್ ಕೌಂಟರು. ಶುಕ್ರವಾರದೊಳಗೆ ಬರೆದುಕೊಡಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಹೇಳುವ ಮೊದಲೇ ಗಂಟುಮೂಟೆ ಕಟ್ಟುತ್ತಿದ್ದರು. ಅವಳಿಗೆ ಅಡ್ಡವಾಗಿದ್ದದ್ದು ಮೂರನೇ ಮಹಡಿಯ ಎರಡು ಕೋಣೆಯ ಬಾಡಿಗೆ ಮನೆ. ಆ ಮನೆಯಿಂದಲೇ ಆರು ವರ್ಷದ ಹಿಂದೆ ತಂಗಿ ಹೊರಟುಹೋದದ್ದು.

ತಾಯಿ ಸತ್ತಾಗ ತಂಗಿಗೆ ಹನ್ನೊಂದು, ಇವಳಿಗೆ ಹತ್ತೊಂಬತ್ತು. ಜಡೆ ಹಾಕಿದ್ದು, ಜ್ವರಕ್ಕೆ ಎದ್ದು ಕೂತಿದ್ದು, ಶಾಲೆಗೆ ಹೋಗಿ ಬೈಸಿಕೊಂಡದ್ದು ಎಲ್ಲ ಇವಳೇ. ಅಂಥ ತಂಗಿ ನಾಟಕ ಕಂಪನಿಯಲ್ಲಿ ದೀಪ ಹಾಕುವವನ ಜೊತೆ ಹೋಗುತ್ತೇನೆಂದು ಚೀಲ ಎತ್ತಿದಾಗ ಇವಳು ಹೇಳಿದ್ದು ಒಂದೇ ಮಾತು: "ಈ ಹೊಸ್ತಿಲು ದಾಟಿದ್ರೆ ಮತ್ತೆ ಬರ್ಬೇಡ." ಸಿಟ್ಟಿನಲ್ಲಿ ಎಲ್ಲ ಮನೆಯಲ್ಲೂ ಆಡುವ ಮಾತು. ಆದರೆ ತಂಗಿ ಚಿಕ್ಕಂದಿನಿಂದಲೂ ಹಾಗೇ, ಆಡಿದ ಮಾತನ್ನು ಅಕ್ಷರಶಃ ಹಿಡಿಯುವ ಪೈಕಿ. ಅಂಗಡಿ ಹತ್ತಿರ ನಿಂತಿರು ಎಂದರೆ ಅಂಗಡಿ ಮುಚ್ಚಿದರೂ ನಿಂತಿರುತ್ತಿದ್ದಳು. ಬರಬೇಡ ಎಂದದ್ದಕ್ಕೆ ಬರಲಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಕಾರ್ಡು ಬಂದಿತ್ತು. ಅದರಲ್ಲಿ ಮೂರು ಸಾಲಿನ ವಿಳಾಸ, ಅಷ್ಟೇ. ಹಿಟ್ಟಿನ ಗಿರಣಿಯ ಹಿಂದೆ, ಎರಡನೇ ಮಹಡಿ, ಊರಿನ ಹೆಸರು. ಕ್ಷೇಮ ಇಲ್ಲ, ಬಾ ಅಂತ ಇಲ್ಲ. ಸೀಸದಕ್ಕ ಅದನ್ನು ಓದಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಬೀರುವಿನಲ್ಲಿಟ್ಟಳು. ಹೋದವಳು ತಾನೇ ಬರಬೇಕು? ಅವಳಿಗೆ ಈ ಮನೆ ಗೊತ್ತು. ಒಂದಲ್ಲ ಒಂದು ದಿನ ಬಂದು ಬಾಗಿಲು ತಟ್ಟುತ್ತಾಳೆ. ಆವತ್ತು ಬೇರೆ ಯಾರೋ ಬಾಗಿಲು ತೆಗೆದರೆ? ಈ ಒಂದು ಯೋಚನೆಗೆ ಅವಳು ಸೋರುವ ನಲ್ಲಿ, ಕೆಳಮನೆಯವರ ಜಗಳ ಎಲ್ಲವನ್ನೂ ಸಹಿಸಿಕೊಂಡು ಆರು ವರ್ಷ ಅದೇ ಮನೆಯಲ್ಲಿ ಕೂತಿದ್ದಳು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದರೆ ಈಗಲೂ ಅವಳ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ತಂಗಿ ಒಂದೊಂದು ಮೆಟ್ಟಿಲು ಬಿಟ್ಟು ಹತ್ತುತ್ತಿದ್ದಳು. ಆ ಸಪ್ಪಳವೇ ಬೇರೆ.

ಮಂಗಳವಾರ ಮೇಷ್ಟ್ರು ಇನ್ನೂರ ಎಂಬತ್ತೇಳನೇ ಪಟ್ಟಿಯನ್ನು ಕನ್ನಡಕದ ಹತ್ತಿರ ಹಿಡಿದರು.

"ಬರಕೊಳಮ್ಮ. ಕುಂಬಾರನ ಮಗಳು ಕೇಳ್ತಾಳೆ. ತಮ್ಮ ಬರೋ ತನಕ ಈ ಮನೆ ಬಿಡದೆ ಇಲ್ಲೇ ಇರಲಾ?"

ಸೀಸದಕ್ಕ ಪೆನ್ಸಿಲ್ ನಿಲ್ಲಿಸಿದಳು. "ಇನ್ನೊಂದ್ಸಲ ಹೇಳಿ ಮೇಷ್ಟ್ರೇ."

ಅವರು ಇನ್ನೊಂದು ಸಲ ಹೇಳಿದರು. "ಕೆಳಗೆ ಇನ್ನೊಂದು ಸಾಲಿದೆ. ಅಂಚು ಮುರಿದಿದೆ, ಮೇಲೆ ಗಟ್ಟಿ ಕೊಳೆ. ನೀನು ತೆಗೆದುಕೊಟ್ರೆ ಓದ್ತೀನಿ."

ಅವರು ಹೋದ ಮೇಲೆ ಅವಳು ಆ ಕೊಳೆ ತೆಗೆಯಬೇಕಿತ್ತು. ತೆಗೆಯಲಿಲ್ಲ. ಚೂರುಗಳ ಪೆಟ್ಟಿಗೆ ತೆಗೆದಳು. ಯಾವ ಪಟ್ಟಿಯದೆಂದು ತಿಳಿಯದ ತುಣುಕುಗಳೆಲ್ಲ ಅದರಲ್ಲಿದ್ದವು. ಉಗುರಿನಷ್ಟು ದೊಡ್ಡ ತುಣುಕೊಂದು ಅವಳಿಗೆ ನೆನಪಿತ್ತು. ಹಿಂದೆ ಮೇಷ್ಟ್ರು ಅದರ ಮೇಲಿದ್ದ ಪದ ಓದಿ 'ಇರು' ಎಂದು ಬರೆಸಿದ್ದರು. ಅದನ್ನು ಪಟ್ಟಿಯ ಮುರಿದ ಅಂಚಿಗೆ ಹಿಡಿದು ನೋಡಿದಳು. ಕೂರಲಿಲ್ಲ. ಬಿದಿರುಕಡ್ಡಿಯಿಂದ ಚೂರೇ ಚೂರು ಒತ್ತಿದಳು. ಕೂತಿತು.

ಸೀಸ ಮೆತ್ತನೆಯ ಲೋಹ. ಒತ್ತಿದರೆ ಯಾವ ತುಣುಕೂ ಯಾವ ಅಂಚಿಗೂ ಒಪ್ಪುತ್ತದೆ. ಅದಕ್ಕೇ ಒತ್ತಬಾರದು ಎನ್ನುವುದು ಈ ಕೆಲಸದ ಮೊದಲ ಪಾಠ. ಹೊಸದಾಗಿ ಸೇರಿದವರಿಗೆಲ್ಲ ಈ ಪಾಠ ಹೇಳಿಕೊಡುತ್ತಿದ್ದವಳು ಸೀಸದಕ್ಕನೇ. ದಪ್ಪ ಅಳೆದಳು. ಪಟ್ಟಿ ಒಂದು ಪಾಯಿಂಟ್ ನಾಲ್ಕು ಮಿಲಿಮೀಟರು, ತುಣುಕು ಒಂದು ಪಾಯಿಂಟ್ ಒಂದು. ತುದಿಗೆ ಹೋಗುತ್ತ ತೆಳುವಾಗಿರಬಹುದು ಎಂದುಕೊಂಡಳು. ತೆಳು ಕಾಗದ, ಅಂಟು ಹಾಕಿ ಎರಡನ್ನೂ ಸೇರಿಸಿದಳು. ಕೊಳೆ ಹಿಡಿದ ಕೊನೆಯ ಸಾಲು ಆ ಕಾಗದದ ಅಡಿಗೆ ಹೋಯಿತು.

ಬುಧವಾರ ಬೆಳಿಗ್ಗೆ ವಿಭಾಗದ ಮುಖ್ಯಸ್ಥೆ ಮೇಡಂ ಅದನ್ನು ನೋಡಿ ಕುರ್ಚಿಯಿಂದ ಎದ್ದೇ ಬಿಟ್ಟರು. "ಉತ್ತರ ಬರೆದಿರೋ ಪಟ್ಟಿ," ಎಂದರು, ಯಾರಾದರೂ ಕೇಳಿಸಿಕೊಂಡಾರೆಂಬಂತೆ ಮೆಲ್ಲಗೆ. "ನಾನೂರ ಹನ್ನೆರಡರಲ್ಲಿ ಮೊದಲನೇದು. ಮಧ್ಯದ ಗಾಜಿನ ಪೆಟ್ಟಿಗೇಲಿ ಇದೊಂದನ್ನೇ ಇಡೋಣ. ದಾಖಲೆ ನಮೂನೆ ತುಂಬಿ ಶುಕ್ರವಾರ ಕೊಡು."

ಅದೇ ದಿನ ಸೀಸದಕ್ಕ ಇಲ್ಲೇ ಉಳಿಯುತ್ತೇನೆ ಎಂದು ಎರಡು ಸಾಲು ಬರೆದು ಮೇಡಂ ಮೇಜಿನ ಮೇಲಿಟ್ಟಳು. ಮನಸ್ಸು ಹಗುರಾಯಿತು. ಸಂಜೆ ಮನೆಗೆ ಹೋಗಿ, ತಂಗಿ ಮಲಗುತ್ತಿದ್ದ ಮಂಚದ ಹಾಸಿಗೆ ಕೊಡವಿ ಹೊಸ ಹೊದಿಕೆ ಹಾಸಿದಳು. ಆಮೇಲೆ ಮಂಚದ ತುದಿಯಲ್ಲಿ ಕೂತು ಮೆಟ್ಟಿಲ ಕಡೆ ಕಿವಿಯಿಟ್ಟಳು. ಎರಡನೇ ಮಹಡಿಯವರು ಬಂದರು, ಅವರ ಅಳಿಯ ಬಂದ. ಮತ್ತೆ ಯಾರೂ ಬರಲಿಲ್ಲ.

ಗುರುವಾರ ನಮೂನೆ ತುಂಬಲು ಕೂತಳು. ಉದ್ದ, ಅಗಲ, ತೂಕ ಎಲ್ಲ ಸಲೀಸಾಗಿ ಹೋಯಿತು. ಕೊನೆಗೊಂದು ಅಂಕಣವಿತ್ತು: ಜೋಡಣೆಯ ಎರಡೂ ಬದಿಯ ದಪ್ಪ. ಮೊದಲ ಖಾನೆಯಲ್ಲಿ ಒಂದು ಪಾಯಿಂಟ್ ನಾಲ್ಕು ಎಂದು ಬರೆದಳು. ಎರಡನೆಯದರಲ್ಲಿ ಏನು ಬರೆಯಬೇಕೆಂದು ಅವಳಿಗೆ ಗೊತ್ತಿತ್ತು. ಪಕ್ಕದ ಅಂಕಿಗೆ ಹೊಂದಿಸಿ ಬರೆಯುವುದೂ ಕಷ್ಟವಿರಲಿಲ್ಲ, ಮತ್ತೊಮ್ಮೆ ಅಳೆಯುವವರು ಯಾರೂ ಇರಲಿಲ್ಲ. ಕಿಟಕಿಯಾಚೆ ಬಸ್ ನಿಲ್ದಾಣದಲ್ಲಿ ತಂಗಿಯ ಊರಿನ ಬಸ್ಸು ಬಂದು ನಿಂತಿತು. ದಿನವೂ ಹನ್ನೊಂದು ಗಂಟೆಗೆ ಬರುವ ಬಸ್ಸು ಅದು. ಯಾರೋ ಇಬ್ಬರು ಹತ್ತಿದರು, ಬಸ್ಸು ಹೋಯಿತು.

ಅವಳು ಎದ್ದು ಬಾಗಿಲಿಗೆ ಚಿಲಕ ಹಾಕಿ, ಅಂಟು ಕರಗಿಸುವ ದ್ರಾವಣದ ಬಾಟಲಿ ತಂದಳು. ಹತ್ತಿಯಲ್ಲಿ ಅದ್ದಿ ಅದ್ದಿ ಕಾಗದ ನೆನೆಸಿದಳು. ಅರ್ಧ ಗಂಟೆಗೆ ತುಣುಕು ಕಳಚಿಕೊಂಡಿತು. ಒತ್ತಿದ ಗುರುತು ಅದರ ಅಂಚಿನಲ್ಲಿ ಉಗುರಿನ ಗೀರಿನಂತೆ ಹೊಳೆಯುತ್ತಿತ್ತು. ಅದು ಇನ್ನು ಹೋಗುವುದಿಲ್ಲ. ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಮೊದಲೇ ಮಾಡಬೇಕಿದ್ದ ಕೆಲಸಕ್ಕೆ ಕೂತಳು. ದ್ರಾವಣ ತಾಗಿ ಕೊಳೆಯೂ ಸಡಿಲಾಗಿತ್ತು. ಸಂಜೆಯ ಹೊತ್ತಿಗೆ ಕೊನೆಯ ಸಾಲಿನ ಏಳು ಅಕ್ಷರ ಮೇಲೆದ್ದವು.

ಶುಕ್ರವಾರ ಮೇಷ್ಟ್ರು ಓದಿದರು. ಮತ್ತೆ ಓದಿದರು. ಪಟ್ಟಿ ತಿರುಗಿಸಿ ಹೊರಮೈ ಮೇಲಿನ ಊರಿನ ಹೆಸರು ನೋಡಿದರು. ಎದ್ದು ಗೋಡೆಯ ಹಳೆಯ ನಕ್ಷೆಯ ಮುಂದೆ ಹೋಗಿ ನಿಂತರು.

"ಏನಂತೆ ಮೇಷ್ಟ್ರೇ?"

"ತಮ್ಮ ಇರೋ ಊರಿನ ಹೆಸರು ಬರೆದಿದಾಳೆ."

"ಗೊತ್ತಿತ್ತಾ ಅವಳಿಗೆ?"

"ಗೊತ್ತಿಲ್ದೆ ಬರೀತಾಳಾ? ದೇವರಿಗೆ ಅಡ್ರೆಸ್ ತಿಳಿಯಲ್ಲ ಅಂತ ಕೊಟ್ಟಿರಬೇಕು." ಅವರು ಪೆನ್ಸಿಲಿನ ಹಿಂಬದಿಯಿಂದ ನಕ್ಷೆ ಮುಟ್ಟಿದರು. "ಇದು ಇವಳೂರು. ಇದು ಗುಡಿ. ನಡಕೊಂಡು ಬಂದ್ರೆ ನಾಲ್ಕು ದಿನದ ದಾರಿ. ಹೊಳೆ ದಾಟೋಕೆ ಆ ಕಾಲದಲ್ಲಿ ಇದ್ದದ್ದು ಇದೊಂದೇ ಸೇತುವೆ. ಸೇತುವೆ ಬುಡದಲ್ಲಿರೋ ಊರೇ ತಮ್ಮನ ಊರು. ಅವನ ಮನೆ ಮುಂದೆ ಹಾದು ಹೋಗಿ, ಅವನು ಬರೋ ತನಕ ಕಾಯಲಾ ಅಂತ ದೇವರನ್ನ ಕೇಳಿದಾಳೆ ಮಹಾರಾಯ್ತಿ. ವಾಪಸ್ ಹೋಗುವಾಗ್ಲೂ ಅದೇ ದಾರಿ."

ಅವರಿಗೆ ನಗು ತಡೆಯಲಾಗಲಿಲ್ಲ. ಸೀಸದಕ್ಕನೂ ನಗುತ್ತಾಳೆಂದು ತಿರುಗಿ ನೋಡಿದರು. ಅವಳು ಕಿಟಕಿಯ ಕಡೆ ನೋಡುತ್ತ ಕೂತಿದ್ದಳು.

"ವಾಪಸ್ ಹೋಗುವಾಗ ನಿಂತಿರಬಹುದಲ್ವಾ ಮೇಷ್ಟ್ರೇ?"

"ಸೀಸದಲ್ಲಿ ಅದೆಲ್ಲ ಇರಲ್ಲ ಕಣಮ್ಮ."

ಅವಳು ಪಟ್ಟಿಯನ್ನೂ ತುಣುಕನ್ನೂ ಬೇರೆ ಬೇರೆ ತಟ್ಟೆಯಲ್ಲಿಟ್ಟುಕೊಂಡು ಮೇಡಂ ಕೋಣೆಗೆ ಹೋದಳು. ತುಣುಕನ್ನ ಒತ್ತಿ ಕೂರಿಸಿದೆ, ಈ ಪಟ್ಟಿಯದಲ್ಲ ಎಂದಳು. ಮೇಡಂ ಭೂತಗನ್ನಡಿ ಹಿಡಿದು ತುಣುಕಿನ ಅಂಚು ನೋಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ನೀನು?"

"ಹೌದು ಮೇಡಂ."

"ಬೇರೆ ಯಾರಾದ್ರೂ ಮಾಡಿದ್ರೆ ಅನುಭವ ಇಲ್ಲ ಅಂದ್ಕೊಳ್ತಿದ್ದೆ." ಭೂತಗನ್ನಡಿ ಕೆಳಗಿಟ್ಟರು. "ನಡೆದದ್ದು ಬರೆದು, ಹೆಸರು ಹಾಕಿ ಕೊಡು. ಗಾಜಿನ ಪೆಟ್ಟಿಗೆಗೆ ಬೇರೆ ಏನಾದ್ರೂ ನೋಡ್ತೀನಿ."

"ಕೊಡ್ತೀನಿ. ಮೊನ್ನೆ ಇಟ್ಟ ಕಾಗದ ವಾಪಸ್ ಬೇಕಿತ್ತು."

"ಯಾಕೆ, ಹೊರಡ್ತೀಯಾ? ಇವತ್ತು ಕಡೇ ದಿನ, ಗೊತ್ತಲ್ಲ."

"ಹೊರಡ್ತೀನಿ ಅಂತ ಬರ್ಕೊಳ್ಳಿ," ಎಂದಳು ಸೀಸದಕ್ಕ. ಮೂರನೇ ಮಹಡಿಯ ಬಾಗಿಲನ್ನು ಇನ್ನು ಬೇರೆಯವರು ತೆಗೆಯುತ್ತಾರೆ.

ಶನಿವಾರ ಹನ್ನೊಂದರ ಬಸ್ಸು ಹತ್ತಿದಳು. ಎರಡು ಗಂಟೆಯ ದಾರಿ. ನಾಲ್ಕು ವರ್ಷದಿಂದ ಗಾಜಿನಾಚೆ ನೋಡಿದ್ದ ಬಸ್ಸಿನ ಒಳಗೆ ಸೀಟು ಹರಿದು ಸ್ಪಂಜು ಕಾಣುತ್ತಿತ್ತು, ಅಷ್ಟೇ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಸಾಲು ಕಟ್ಟಿದಳು. ಕಟ್ಟಿದ್ದೆಲ್ಲ ಅವಳಿಗೇ ಭಾಷಣದಂತೆ ಕೇಳಿಸಿ ಬಿಟ್ಟಳು. ಗಿರಣಿ ಹುಡುಕುವುದು ಕಷ್ಟವಾಗಲಿಲ್ಲ. ಹಿಂದಿನ ಕಟ್ಟಡದ ಮೆಟ್ಟಿಲಿನ ಮೇಲೂ ಹಿಟ್ಟಿನ ಧೂಳಿತ್ತು.

ಬಾಗಿಲು ತೆಗೆದ ತಂಗಿಯ ಹೆಗಲ ಮೇಲೆ ಅಳತೆ ಪಟ್ಟಿ ಇಳಿಬಿದ್ದಿತ್ತು. ಹಿಂದೆ ಹೊಲಿಗೆ ಯಂತ್ರ, ನೆಲದ ತುಂಬ ನಾಟಕದ ಪರದೆಗೆಂದು ಕತ್ತರಿಸಿದ ನೀಲಿ ಬಟ್ಟೆ. ಮೈ ತುಂಬಿಕೊಂಡಿದ್ದಳು. ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಾರು ಸತ್ರು?"

"ಯಾರೂ ಸತ್ತಿಲ್ಲ."

"ಮತ್ತೆ?"

"ನನಗೆ ಬೇರೆ ಊರಿಗಾಯ್ತು. ಮನೆ ಬಿಡ್ತಿದೀನಿ. ನೀನು ಬಂದು ಬಾಗಿಲು ತಟ್ಟಿದ್ರೆ ಅಲ್ಲಿ ಯಾರೂ..."

"ನಾನ್ಯಾಕೆ ಬಂದು ತಟ್ಲಿ? ಬರ್ಬೇಡ ಅಂದಿದ್ದೋಳು ನೀನು."

"ಹೌದು."

"ಅಡ್ರೆಸ್ ಕಳ್ಸಿ ನಾಲ್ಕು ವರ್ಷ ಆಯ್ತು. ಬಸ್ಸಿರ್ಲಿಲ್ವಾ?"

"ಇತ್ತು. ದಿನಾ ನೋಡ್ತಿದ್ದೆ. ಕಾರ್ಡಲ್ಲಿ ನೀನು ಬಾ ಅಂತ ಬರೆದಿರ್ಲಿಲ್ಲ."

"ಅಡ್ರೆಸ್ ಅಂದ್ರೆ ಇನ್ನೇನಕ್ಕಾ?"

ಆರು ವರ್ಷದ ಮೇಲೆ ಅಕ್ಕ ಎನ್ನುವ ಮಾತು ಕಿವಿಗೆ ಬಿತ್ತು. ತಂಗಿಯ ಕೈ ಬಾಗಿಲ ಚೌಕಟ್ಟಿನ ಮೇಲೇ ಇತ್ತು, ತೆಗೆಯಲಿಲ್ಲ. ಅಷ್ಟರಲ್ಲಿ ನೀಲಿ ಬಟ್ಟೆಯ ರಾಶಿ ಅಲುಗಾಡಿ, ಅದರಿಂದ ಮೂರು ವರ್ಷದ ಹೆಣ್ಣುಮಗು ಹೊರಬಂದು ತಾಯಿಯ ಮೊಣಕಾಲು ಹಿಡಿದುಕೊಂಡು ಇಣುಕಿತು. ಹಣೆ, ಹುಬ್ಬು ಎಲ್ಲ ತಂಗಿಯದೇ. ಸೀಸದಕ್ಕ ಯೋಚಿಸುವ ಮೊದಲೇ ಬಗ್ಗಿ ಕೈ ಚಾಚಿದಳು.

"ಮುಟ್ಬೇಡ," ಎಂದಳು ತಂಗಿ.

ಚಾಚಿದ ಕೈ ಅಲ್ಲೇ ನಿಂತಿತು.

"ಇಡೀ ದಿನ ಸೀಸ ಹಿಡಿಯೋ ಕೈ. ತೊಳ್ಕೊಂಡು ಮುಟ್ಟು." ತಂಗಿ ಬಾಗಿಲ ಚೌಕಟ್ಟಿನ ಮೇಲಿನ ಕೈ ತೆಗೆದು, ಒಳಗೆ ತೋರಿಸಿದಳು. "ಬಲಗಡೆ. ಬಟ್ಟೆ ತುಳೀಬೇಡ."

ಸೀಸದಕ್ಕ ನೀಲಿ ಬಟ್ಟೆಯ ಅಂಚಿನ ಪಕ್ಕದಲ್ಲೇ ಹೆಜ್ಜೆಯಿಟ್ಟು ಬಚ್ಚಲಿಗೆ ಹೋದಳು. ನಲ್ಲಿ ತಿರುಗಿಸಿದಳು. ಹೊರಗೆ ಹೊಲಿಗೆ ಯಂತ್ರ ಮತ್ತೆ ಶುರುವಾಯಿತು, ಮಗು ಅದು ಯಾರು ಎಂದು ಕೇಳಿತು, ತಂಗಿ ಏನು ಹೇಳಿದಳೋ ಯಂತ್ರದ ಸದ್ದಿನಲ್ಲಿ ಕೇಳಿಸಲಿಲ್ಲ.

"ಎರಡು ಸಲ ಸೋಪು ಹಾಕು," ಎಂದು ತಂಗಿ ಕೂಗಿದಳು.

ಅವಳು ಎರಡು ಸಲ ಹಾಕಿದಳು. ಉಗುರಿನ ಸಂದಿಯ ಬೂದು ಬಣ್ಣ ಹೋಗಲಿಲ್ಲ. ತೋಳು ಮೇಲೇರಿಸಿಕೊಂಡು ಮೂರನೇ ಸಲ ಸೋಪು ಹಚ್ಚಿದಳು.