ಬುಟ್ಟಿಯಡಿಯ ರಾಗಿ ಪೈರು

ಕ್ರಿಸ್ಮಸ್‌ಗೆ ಇನ್ನು ಹನ್ನೆರಡು ದಿನ ಇದೆ ಎನ್ನುವಾಗ ಲೂರ್ದಮ್ಮ ರಾಗಿ ನೆನೆಹಾಕಿದಳು. ಮಾರನೆಯ ದಿನ ಎರಡು ತಟ್ಟೆಗೆ ಮಣ್ಣು ತುಂಬಿ, ರಾಗಿ ಚೆಲ್ಲಿ, ನೀರು ಚಿಮುಕಿಸಿ, ಕಾಫಿ ಕೊಯ್ಯುವ ಹಳೆಯ ಬುಟ್ಟಿಯನ್ನು ಮೇಲೆ ಬೋರಲು ಹಾಕಿದಳು. ಹಬ್ಬದ ಹೊತ್ತಿಗೆ ನಾಲ್ಕು ಬೆರಳುದ್ದ ಪೈರು ಎದ್ದು, ಗೋದಲಿಯ ಸುತ್ತ ಹಸಿರು ಗದ್ದೆಯಾಗಬೇಕು. ಬಾಲಯೇಸುವಿಗೆ ಹುಲ್ಲಿನ ಗುಡಿಸಲು ಕಟ್ಟುವ ಈ ಗೋದಲಿಯ ಸಂಭ್ರಮವನ್ನು ಮನೆಗೆ ತಂದವನು ಅವಳ ಮಗ ಅರುಳಪ್ಪ. ಅವನು ತೀರಿಕೊಂಡು ಏಳು ವರ್ಷವಾಗಿತ್ತು.

ಗೋಣಿಕೊಪ್ಪಲಿನ ಆ ಎರಡು ಕೋಣೆಯ ಮನೆಯಲ್ಲಿ ಈಗ ಇರುವವರು ಮೂವರೇ. ಮೂವತ್ತು ವರ್ಷ ಎಸ್ಟೇಟಿನಲ್ಲಿ ದುಡಿದು ಮಂಡಿ ಸವೆಸಿಕೊಂಡ ಲೂರ್ದಮ್ಮ, ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಹಾಕಿಕೊಂಡ ಸೊಸೆ ಸೆಲಿನಾ, ಪಿಯುಸಿ ಓದುವ ಮೊಮ್ಮಗಳು ಪ್ರಿನ್ಸಿ. ಊರಿನ ಮದುಮಕ್ಕಳಿಗೆಲ್ಲ ಕೆಂಪು, ಹಸಿರು ರವಿಕೆ ಹೊಲಿದುಕೊಡುವ ಸೆಲಿನಾ ಮಾತ್ರ ಏಳು ವರ್ಷದಿಂದ ಬೂದು ಬಣ್ಣದ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ಉಡಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಉಡು ಎಂದೂ ಯಾರೂ ಹೇಳಿರಲಿಲ್ಲ.

ಆ ಸಂಜೆಯೇ ಪಕ್ಕದ ಮನೆಯ ಹೊನ್ನಮ್ಮ ಬಂದು ಜಗುಲಿಯಲ್ಲಿ ಕೂತಳು. ಕಾಫಿ ಕುಡಿದು ಲೋಟ ಕೆಳಗಿಟ್ಟು, ನೇರ ವಿಷಯಕ್ಕೇ ಬಂದಳು.

"ಲೂರ್ದಕ್ಕಾ, ಸಿದ್ದಾಪುರ ರೋಡಲ್ಲಿ ಜೀಪ್ ಓಡಿಸೋ ಸವರಿ ಗೊತ್ತಲ್ಲ? ಹೆಂಡ್ತಿ ಹೋಗಿ ನಾಲ್ಕು ವರ್ಷ ಆಯ್ತು ಪಾಪ. ನಮ್ಮ ಸೆಲಿನಾನ ಕೇಳ್ತಿದ್ದಾನೆ. ಹಬ್ಬದ ಒಳಗೆ ಒಂದು ಮಾತು ತಿಳಿಸಿ, ಬೇಡ ಅಂದ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ ಅಂದ."

"ಅವಳಿಗೆ ಬೆಳೆದ ಮಗಳಿದ್ದಾಳೆ ಹೊನ್ನಮ್ಮ."

"ಇರ್ಲಿ ಬಿಡಿ. ಮಗಳು ನಾಳೆ ತನ್ನ ದಾರಿ ನೋಡ್ಕೊಳ್ತಾಳೆ. ನಿಮ್ಮನ್ನ ಬಿಟ್ಟು ಬಾ ಅಂತಾನೂ ಅವನು ಹೇಳಿಲ್ಲ. ಸೆಲಿನಾಗೆ ಇನ್ನೂ ನಲವತ್ತು ತುಂಬಿಲ್ಲ ಅಕ್ಕಾ."

"ಊರ ಬಾಯಿ ಮುಚ್ಚೋಕೆ ಆಗುತ್ತಾ? ಚರ್ಚಲ್ಲಿ ತಲೆ ಎತ್ತಿ ನಡಿಬೇಕಲ್ಲ ನಾವು."

"ಊರು ನಿಮಗೆ ಒಂದು ದಿನ ಗಂಜಿ ಕಾಸಿ ಕೊಟ್ಟಿದೆಯಾ?" ಎಂದು ಹೊನ್ನಮ್ಮ ಎದ್ದು ಹೋದಳು.

ಒಳಗೆ ಮೆಷಿನ್ ಸದ್ದು ನಿಂತಿತ್ತು. ಸೊಸೆ ಎಲ್ಲ ಕೇಳಿಸಿಕೊಂಡಿದ್ದಾಳೆ ಎಂದು ಲೂರ್ದಮ್ಮನಿಗೆ ಗೊತ್ತಾಯಿತು. ಹೆದರಿಕೆಯಾಗಿತ್ತು ಅವಳಿಗೆ, ನಿಜ ಹೇಳಬೇಕೆಂದರೆ. ಆದರೆ ಬಾಯಿಗೆ ಬಂದದ್ದು ಸಿಟ್ಟು.

"ಅಂಥ ಯೋಚನೆ ಇರೋಳು ನನ್ನ ಮಗನ ಗೋದಲಿ ಮುಟ್ಟೋದು ಬೇಡ. ಈ ಸಲ ಎಲ್ಲ ನಾನೇ ಮಾಡ್ತೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೆಷಿನ್ ಮತ್ತೆ ಓಡತೊಡಗಿತು, ಆ ರಾತ್ರಿ ಊಟದ ಹೊತ್ತಿನವರೆಗೂ ಓಡಿತು.

ಆಮೇಲಿನ ದಿನಗಳಲ್ಲಿ ಗೋದಲಿಯ ಕೆಲಸವನ್ನೆಲ್ಲ ಅಜ್ಜಿ ಮೊಮ್ಮಗಳೇ ಮಾಡಿದರು. ಕಾಫಿ ಗಿಡದ ಬೊಡ್ಡೆ ಇಟ್ಟು ಗುಡ್ಡ ಮಾಡಿದರು, ಕೆರೆ ದಂಡೆಯ ಪಾಚಿ ತಂದು ಹೊದಿಸಿದರು. ಅರುಳಪ್ಪನ ಇನ್ನೊಂದು ಪದ್ಧತಿಯೂ ಇತ್ತು. ಮನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಆಸೆಯನ್ನು ಚೀಟಿಯಲ್ಲಿ ಬರೆದು, ಬಾಲಯೇಸುವಿನ ತೊಟ್ಟಿಲಾಗುವ ಪುಟ್ಟ ಮರಿಗೆಯ ಕೆಳಗೆ ಇಡಬೇಕು. ಯಾರ ಚೀಟಿಯನ್ನೂ ಯಾರೂ ಬಿಚ್ಚುವಂತಿಲ್ಲ. ಜನವರಿ ಆರಕ್ಕೆ, ಮೂವರು ರಾಯರ ಹಬ್ಬದ ದಿನ ಎಲ್ಲವೂ ಒಲೆಗೆ. ಓದು ಬರಹ ಬಾರದ ಲೂರ್ದಮ್ಮ ತನ್ನದನ್ನು ಪ್ರಿನ್ಸಿಯ ಕೈಲಿ ಬರೆಸಿ, ಹಿಂದೆ ತಾನೇ ಒಂದು ಶಿಲುಬೆ ಗೀಚುತ್ತಿದ್ದಳು. ಏಳು ವರ್ಷದಿಂದ ಒಂದೇ ಬೇಡಿಕೆ: 'ಮನೆ ಹೀಗೇ ಇರಲಿ ಸ್ವಾಮಿ.' ಗೋದಲಿ ಮುಟ್ಟುವಂತಿಲ್ಲದ ಸೆಲಿನಾಳ ಚೀಟಿಯನ್ನು ಈ ಸಲ ಪ್ರಿನ್ಸಿಯೇ ಒಯ್ದು ಇಟ್ಟಳು.

ಇಪ್ಪತ್ತೆರಡನೇ ತಾರೀಕು ಬೆಳಿಗ್ಗೆ ಲೂರ್ದಮ್ಮ ಖುಷಿಯಿಂದ ಬುಟ್ಟಿ ಎತ್ತಿದಳು. ಎತ್ತಿದವಳು ಹಾಗೇ ನಿಂತಳು. ಪೈರೇನೋ ಉದ್ದಕ್ಕೆ ಬೆಳೆದಿತ್ತು, ಆದರೆ ಒಂದೆಳೆಯೂ ಹಸಿರಿಲ್ಲ. ಕಾಯಿಲೆ ಬಿದ್ದವರ ಹಾಗೆ ಎಲ್ಲ ಬಿಳಿಚಿಕೊಂಡು ಒಂದರ ಮೇಲೊಂದು ಒರಗಿದ್ದವು.

"ಅಯ್ಯೋ ಸ್ವಾಮಿ, ಇದೇನಾಯ್ತು? ಪ್ರತಿ ವರ್ಷ ಬುಟ್ಟಿ ಎತ್ತಿದ್ರೆ ಹಸಿರು ಇರ್ತಿತ್ತಲ್ಲ."

ಜಡೆ ಹೆಣೆದುಕೊಳ್ಳುತ್ತಿದ್ದ ಪ್ರಿನ್ಸಿ ಬಗ್ಗಿ ನೋಡಿದಳು. "ಮುಚ್ಚಿಯೇ ಇಟ್ರೆ ಇನ್ನೇನಾಗುತ್ತೆ ಅಜ್ಜಿ? ಮೊಳಕೆ ಬಂದ ಮೇಲೆ ಅಮ್ಮ ದಿನಾ ಬೆಳಿಗ್ಗೆ ಬಿಸಿಲಿಗೆ ಇಟ್ಟು, ನೀವು ಎಸ್ಟೇಟಿಂದ ಬರೋದ್ರೊಳಗೆ ಮತ್ತೆ ಮುಚ್ತಿದ್ರು. ನೀವು ಕೆಲಸ ಬಿಟ್ಟ ಮೇಲೂ ಅಷ್ಟೇ, ನೀವು ಸ್ನಾನಕ್ಕೆ ಹೋದಾಗ. ಬುಟ್ಟಿ ಎತ್ತೋ ಖುಷಿ ಅಜ್ಜಿಗೇ ಇರ್ಲಿ ಅಂತಿದ್ರು. ಈ ಸಲ ಮುಟ್ಟಬೇಡ ಅಂದ್ರಲ್ಲ."

ಲೂರ್ದಮ್ಮ ತಟ್ಟೆಗೆ ಜಾಗ ಮಾಡಲೆಂದು ಮರಿಗೆಯನ್ನು ಸರಿಸಿದಳು. ಕೆಳಗಿದ್ದ ಚೀಟಿಗಳು ನೆಲಕ್ಕೆ ಬಿದ್ದವು. ಶಿಲುಬೆಯ ಗುರುತಿದ್ದದ್ದು ತನ್ನದು. ಬರಹ ತುಂಬಿ ದಪ್ಪಗಾಗಿದ್ದದ್ದು ಪ್ರಿನ್ಸಿಯದು. ಮೂರನೆಯದು ಬೀಳುವಾಗಲೇ ಬಿಚ್ಚಿಕೊಂಡಿತ್ತು. ಅದರಲ್ಲಿ ಒಂದಕ್ಷರವೂ ಇರಲಿಲ್ಲ. ತಿರುಗಿಸಿ ನೋಡಿದಳು, ಆ ಕಡೆಯೂ ಇಲ್ಲ. ಓದು ಬಾರದಿದ್ದರೂ ಖಾಲಿ ಕಾಗದ ಯಾವುದೆಂದು ತಿಳಿಯದಷ್ಟು ದಡ್ಡಿಯಲ್ಲ ಲೂರ್ದಮ್ಮ.

ಅವಳು ನೆಲದ ಮೇಲೇ ಕೂತುಬಿಟ್ಟಳು. ಮಂಡಿ ಆಪರೇಷನ್ ಆದಾಗ ಮಡಿಕೇರಿಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಕುರ್ಚಿಯಲ್ಲೇ ಮಲಗಿದವಳು ಸೆಲಿನಾ. ಬಿಸಿನೀರು ಕಾಸಿ ಕಾಲು ತೊಳೆದವಳು ಸೆಲಿನಾ. ಸ್ವಾಮಿ ಏಳು ವರ್ಷದಿಂದ ತನ್ನ ಬೇಡಿಕೆ ನಡೆಸಿಕೊಟ್ಟಿದ್ದಾನೆ ಎಂದು ಲೂರ್ದಮ್ಮ ಕೊಂಡಾಡುತ್ತಿದ್ದಳು. ನಡೆಸಿಕೊಟ್ಟವಳು ಈ ಹುಡುಗಿ. ಮನೆ ಹೀಗೇ ಇರಲಿ ಎಂದರೆ ಸೆಲಿನಾ ಹೀಗೇ ಇರಲಿ ಎಂದೇ ಅರ್ಥವಲ್ಲವೇ? ಅದು ಇಷ್ಟು ದಿನ ತಲೆಗೆ ಹೊಳೆದಿರಲಿಲ್ಲ. ಲೂರ್ದಮ್ಮನಿಗೆ ನಾಚಿಕೆಯಾಯಿತು. ಅದರ ಬೆನ್ನಿಗೇ, ಇಂಥ ಸೊಸೆಯನ್ನು ಕೊಟ್ಟೆಯಲ್ಲ ಸ್ವಾಮಿ ಎಂದು ಕಣ್ಣು ತುಂಬಿ ಬಂತು.

"ಪ್ರಿನ್ಸಿ, ಈ ತಟ್ಟೆ ಬಿಸಿಲಿಗಿಡು. ಬುಟ್ಟಿ ಹೊರಗೆ ಎಸಿ," ಎಂದಳು. ಆಮೇಲೆ ಗೋಡೆ ಹಿಡಿದು ಎದ್ದು, ಖಾಲಿ ಚೀಟಿಯನ್ನು ಹೊಲಿಗೆ ಮೆಷಿನ್ ಮೇಲೆ ಇಟ್ಟಳು.

"ಇದೇನು ಮಗಾ, ಖಾಲಿ?"

ಸೆಲಿನಾ ಕಾಗದ ನೋಡಿ ತಲೆ ತಗ್ಗಿಸಿದಳು. "ನಿಮ್ಮದು ನೀವು ಕೇಳ್ತೀರಿ, ಪ್ರಿನ್ಸಿದು ಅವಳು ಕೇಳ್ತಾಳೆ. ನನಗಿನ್ನೇನು ಅತ್ತೆ?"

"ಆಸೆನೇ ಇಲ್ವಾ ನಿಂಗೆ?"

ಸೆಲಿನಾ ಕಾಗದವನ್ನು ಮತ್ತೆ ಮಡಚಿದಳು. "ಗಂಡ ಹೋದವಳು ತನಗೆ ಅಂತ ಕೇಳಿದ್ರೆ ಸ್ವಾಮಿಗೆ ಬೇಜಾರಾಗುತ್ತೇನೋ ಅಂತ ಬರೀಲಿಲ್ಲ."

"ಬೇಜಾರಾಗಿದ್ದು ನನಗೆ ಮಗಾ, ಸ್ವಾಮಿಗಲ್ಲ." ಲೂರ್ದಮ್ಮ ಸ್ಟೂಲ್ ಎಳೆದು ಪಕ್ಕದಲ್ಲಿ ಕೂತಳು. "ನೀನು ಹೋಗ್ಬಿಟ್ರೆ ನನಗ್ಯಾರು ಅಂತ ಹೆದರಿಕೆ. ಅದಕ್ಕೆ ಊರು, ಚರ್ಚು ಅಂತ ಏನೇನೋ ಅಂದೆ. ಬರಿ ನಿಂದು. ಬೇಡ ಅನ್ನೋದಿದ್ರೆ ಸ್ವಾಮಿನೇ ಬೇಡ ಅನ್ಲಿ. ನಡುವೆ ನಿಂತ್ಕೊಳ್ಳೋಕೆ ನಾನ್ಯಾರು?"

"ನಿಮ್ಮನ್ನ ಬಿಟ್ಟು ನಾನೆಲ್ಲೂ ಹೋಗಲ್ಲ ಅತ್ತೆ."

"ಅದು ಆಮೇಲಿನ ಮಾತು. ಈಗ ಬರಿ."

ಸೆಲಿನಾ ಬಟ್ಟೆಗೆ ಗುರುತು ಹಾಕುವ ಪೆನ್ಸಿಲ್ ತೆಗೆದುಕೊಂಡು ಎರಡು ಸಾಲು ಬರೆದಳು. ಬರೆಯುವಾಗ ಕಣ್ಣೀರು ಕಾಗದದ ಮೇಲೆ ಬಿತ್ತು. ಲೂರ್ದಮ್ಮ ಬೇಕೆಂದೇ ಕಿಟಕಿಯ ಕಡೆ ಮುಖ ತಿರುಗಿಸಿದಳು. ಆ ಸಂಜೆ ತನ್ನ ಹಳೆಯ ಚೀಟಿಯನ್ನು ಒಲೆಗೆ ಹಾಕಿ, ಪ್ರಿನ್ಸಿಯ ಕೈಲಿ ಹೊಸದು ಬರೆಸಿದಳು: 'ಇಷ್ಟು ದಿನ ಕೊಟ್ಟದ್ದಕ್ಕೆ ವಂದನೆ ಸ್ವಾಮಿ. ಮುಂದಿನದು ನಿನ್ನ ಇಷ್ಟ.' ಆಮೇಲೆ ಹೊನ್ನಮ್ಮನ ಮನೆಗೆ ಕುಂಟುತ್ತಾ ಹೋಗಿ, ಹಬ್ಬದ ಊಟಕ್ಕೆ ಸವರಿ ಬರಲಿ ಎಂದು ಹೇಳಿ ಬಂದಳು.

ಇಪ್ಪತ್ತನಾಲ್ಕರ ಮಧ್ಯಾಹ್ನದ ಹೊತ್ತಿಗೆ ಪೈರು ಬುಡದಿಂದ ತುದಿಯವರೆಗೆ ಹಸಿರಾಗಿತ್ತು. ತಟ್ಟೆಗಳನ್ನು ಗೋದಲಿಯ ಎರಡೂ ಕಡೆ ಇಟ್ಟವಳು ಸೆಲಿನಾ. ಅಡುಗೆಮನೆಯಲ್ಲಿ ಲೂರ್ದಮ್ಮ ಹಂದಿಮಾಂಸಕ್ಕೆ ಮೆಣಸು ಹುರಿಯುತ್ತಿದ್ದಳು. ಹುರಿಯುತ್ತಾ ಕೈ ನಿಲ್ಲಿಸಿ ಕೂಗಿದಳು:

"ಸೆಲಿನಾ, ಸವರಿಗೆ ಖಾರ ಆಗುತ್ತಾ?"

"ಅವರು ಖಾರ ಚೆನ್ನಾಗಿ ತಿಂತಾರೆ ಅತ್ತೆ."

"ಹಾಂ? ಅದು ನಿಂಗೆ ಹೇಗೆ ಗೊತ್ತು?"

ಮುಂದಿನ ಕೋಣೆಯಲ್ಲಿ ಮೊದಲು ಪ್ರಿನ್ಸಿ ನಕ್ಕಳು, ಅವಳ ಹಿಂದೆ ಸೆಲಿನಾ. ಸೊಸೆಯ ನಗು ಹೀಗಿರುತ್ತದೆ ಎಂಬುದೇ ಲೂರ್ದಮ್ಮನಿಗೆ ಮರೆತುಹೋಗಿತ್ತು. ಅವಳು ಬಾಣಲೆಗೆ ಇನ್ನೊಂದು ಹಿಡಿ ಮೆಣಸು ಹಾಕಿದಳು.