ಎರಡು ಗೆರೆಯ ಸಹಿ

"ಸಹಿ ಹೊಂದ್ತಾ ಇಲ್ಲಮ್ಮ." ಬ್ಯಾಂಕಿನ ಕಿಟಕಿಯಾಚೆಯ ಗುಮಾಸ್ತ, ಹಣ ಬಿಡಿಸಿಕೊಳ್ಳಲು ಸಹಿ ಹಾಕಿ ಕೊಟ್ಟಿದ್ದ ನನ್ನ ಬಾಂಡನ್ನು ವಾಪಸು ತಳ್ಳಿದ.

"ನಂದೇ ಸಹಿ ಕಣಪ್ಪ." ಮೂವತ್ತು ವರ್ಷ ಶಾಲೆಯ ಹಾಜರಿ ಪುಸ್ತಕದಲ್ಲಿ ದಿನಾ ಹಾಕಿದ ಸಹಿ ಅದು.

"ನಿಮ್ದೇ ಇರಬಹುದು. ಬಾಂಡ್ ತಗೊಂಡಾಗ ಹಾಕಿದ್ದು ಹೀಗಿಲ್ವಲ್ಲ!" ಮಾದರಿ ಸಹಿಯ ಕಾರ್ಡನ್ನು ಗಾಜಿಗೆ ಒತ್ತಿ ತೋರಿಸಿದ.

ಹೆಸರು ನನ್ನದೇ. ಅಡಿಯಲ್ಲಿ ಬಿಗಿಯಾದ ಎರಡು ಗೆರೆ. ದಿನಸಿ ಚೀಟಿಯ ಕೆಳಗೂ ನನ್ನ ಗಂಡ ಹಾಗೆಯೇ ಎಳೆಯುತ್ತಿದ್ದರು.

ಅಮ್ಮ ನನಗೆಂದೇ ಬಿಟ್ಟುಹೋದ ಹಣ. "ನಿನ್ನ ಹೆಸರಲ್ಲೇ ಬಾಂಡ್ ಮಾಡಿಸ್ತೀನಿ. ನೀನ್ಯಾಕೆ ರಜೆ ಹಾಕಿ ಕ್ಯೂ ನಿಲ್ತೀಯ?" ಎಂದು ಗಂಡನೇ ಹೇಳಿದ್ದರು. ಎಂಥ ಕಾಳಜಿ ಎಂದು ಸ್ಟಾಫ್ ರೂಮಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ.

ಈಗ ಅವರಿಲ್ಲ. ಖಾಸಗಿ ಶಾಲೆ, ಪಿಂಚಣಿಯೂ ಇಲ್ಲ. ತಮ್ಮನ ಮನೆಯ ಹಾಲ್‌ನಲ್ಲಿ ನನ್ನ ಮಂಚ. "ಅತ್ತಿಗೆಗೆ ಅಲ್ಲೇ ಗಾಳಿ ಚೆನ್ನಾಗಿ ಬರುತ್ತೆ" ಎನ್ನುತ್ತಾಳೆ ಅವನ ಹೆಂಡತಿ, ಬಂದವರೆದುರು. ಶನಿವಾರದೊಳಗೆ ಮುಂಗಡ ಕೊಟ್ಟರೆ ಒಂದು ಕೋಣೆ ನನಗೆ ಬಾಡಿಗೆಗೆ ಸಿಗುತ್ತದೆ. ಅದಕ್ಕೊಂದು ಬಾಗಿಲಿದೆ, ಒಳಗಿನಿಂದ ಚಿಲಕವಿದೆ.

"ಬೇರೆ ದಾರಿ ಇಲ್ವಾ?"

"ಅಫಿಡವಿಟ್ಟು, ಇಬ್ರು ಅಧಿಕಾರಿಗಳ ಸಾಕ್ಷಿ, ಆಮೇಲೆ ಹೆಡ್ಡಾಫೀಸು. ಆರು ತಿಂಗಳು ಅಂದ್ಕೊಳ್ಳಿ. ಇಲ್ಲಾಂದ್ರೆ..." ದನಿ ತಗ್ಗಿಸಿದ. "ಆಗ ಹೇಗೆ ಹಾಕಿದ್ರಿ ಅಂತ ನೆನಪು ಮಾಡ್ಕೊಳ್ಳಿ."

"ಸ್ವಂತ ಸಹೀನೇ ಮರೆತ್ರೆ ಹೇಗೆ ತಾಯಿ? ನಾಳೆ ಮನೆ ದಾರೀನೂ ಮರೀತೀರಿ!" ಹಿಂದೆ ನಿಂತಿದ್ದ ಮುದುಕ ನಕ್ಕ.

ಬೆಂಚಿನ ಮೇಲೆ ಕುಳಿತೆ. ಔಷಧಿ ಅಂಗಡಿಯ ಹಳೆಯ ಬಿಲ್ಲಿನ ಬೆನ್ನಿಗೆ ಬರೆಯತೊಡಗಿದೆ. ಕಾಪಿ ಹೊಡೆದ ಮಕ್ಕಳ ಕಿವಿ ಹಿಂಡಿದ ಕೈ ಇದು. ಹತ್ತು ಸಲ, ಇಪ್ಪತ್ತು ಸಲ. ಅಕ್ಷರಗಳು ಬಂದವು, ಗೆರೆ ಮಾತ್ರ ನಡುಗುತ್ತಿತ್ತು. ಅವರ ಗೆರೆ ನಡುಗಿರಲಿಲ್ಲ. ಅವರು ನನ್ನಂತೆ ಅಭ್ಯಾಸ ಮಾಡಿರಲಾರರು. ನನ್ನ ಸಹಿ ಹೇಗಿದೆಯೆಂದು ಒಮ್ಮೆ ನೋಡುವ ಗೋಜಿಗೂ ಹೋಗಿರಲಿಲ್ಲ.

ಎದ್ದು ಹೋಗಿ, ಹೊಸ ಫಾರಮ್ಮಿನಲ್ಲಿ ಒಂದೇ ಉಸಿರಿಗೆ ಬರೆದೆ. ಎರಡು ಗೆರೆ ಎಳೆದೆ.

ಗುಮಾಸ್ತ ಕಾರ್ಡಿನ ಪಕ್ಕ ಇಟ್ಟು ನೋಡಿದ. ಸೀಲು ಒತ್ತಿದ.

"ನೋಡಿ, ಈಗ ನೀವೇ ಅಂತ ಆಯ್ತು. ಶುಕ್ರವಾರ ಚೆಕ್ ಬರುತ್ತೆ. ತಗೊಳ್ಳೋವಾಗ್ಲೂ ಹೀಗೇ ಹಾಕ್ಬೇಕು, ಮರೀಬೇಡಿ."

ಹರಿದು ಬಿಸಾಡಬೇಕೆಂದು ಕೈಯಲ್ಲಿ ಹಿಡಿದಿದ್ದ ಬಿಲ್ಲನ್ನು ಮಡಚಿ, ಜೋಪಾನವಾಗಿ ಚೀಲದೊಳಗಿಟ್ಟುಕೊಂಡೆ.